ಮಂಜುಗಡ್ಡೆಯ ಕಣಜ

೧೮೪೫ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎಂಬ ಆಂಗ್ಲ ನಾವಿಕನು ಎರಡು ಹಡಗುಗಳೊಡನೆ ಇಂಗ್ಲೆಂಡಿನ ತೀರವನ್ನು ಬಿಟ್ಟು ಉತ್ತರ ಧ್ರುವಪ್ರದೇಶದ ಕಡಲಿಗೆ ಹೊರಟನು. ಕೆನಡಾ ದೇಶದ ಉತ್ತರಕ್ಕೆ ಚದರಿರುವ ದ್ವೀಪಗಳ ನಡುವೆ ನುಸುಳಿ ಪೂರ್ವ ದೇಶಗಳಿಗೆ ಹೊಸ ಜಲಮಾರ್ಗವನ್ನು ಕಂಡುಹಿಡಿಯಬೇಕೆಂಬುದು ಅವನ ಉದ್ದೇಶ. ಹಡಗುಗಳ ಉಗ್ರಾಣದಲ್ಲಿ ಮೂರು ವರ್ಷಗಳಿಗೆ ಸಾಲುವಷ್ಟು ಆಹಾರವಿದ್ದಿತು. ಕಿಂಗ್ ವಿಲಿಯಂ ದ್ವೀಪದ ಬಳಿ ಹಡಗುಗಳು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು. ಯಾತ್ರೆಯನ್ನು ಮುಂದುವರಿಸಿದ್ದ ೧೨೯ ಮಂದಿಯಲ್ಲಿ ಒಬ್ಬನಾದರೂ ಮನೆಗೆ ಮರಳಲಿಲ್ಲ.

ಅಚ್ಚರಿಯ ಸಂಗತಿಯೆಂದರೆ, ಅವರು ಅಳಿದುಹೋದ ಆ ಸೀಮೆ ನಿರ್ಜನವಾಗಿರಲಿಲ್ಲ. ನೆಟ್ಸಿಲಿಕ್ ಎಂಬ ಪಂಗಡದ ಜನರು ಹೆಂಡಿರು ಮಕ್ಕಳೊಡನೆ ತಲೆಮಾರುಗಳಿಂದ ಅಲ್ಲಿಯೇ ಬಾಳಿಕೊಂಡು ಬಂದಿದ್ದರು. ಅವರ ಬಳಿ ಡಬ್ಬದ ಆಹಾರವಿರಲಿಲ್ಲ. ಒಂದು ಹಿಡಿ ಕಾಳೂ ಇರಲಿಲ್ಲ. ಉರಿಸಲು ಸೌದೆಯಿರಲಿ, ಆ ನೆಲದಲ್ಲಿ ಮರವೆಂಬುದೇ ಇಲ್ಲ. ಹಾಗಿದ್ದರೆ ಅವರ ಕಣಜ ಯಾವುದು? ಕಾಲ ಕೆಳಗಿನ ಮಂಜುಗಡ್ಡೆಯೇ.

ಶಾಲೆಯ ಪುಸ್ತಕಗಳಲ್ಲಿ ಎಸ್ಕಿಮೋ ಎಂದು ಹೆಸರಿಸಿದ್ದ ಈ ಜನ ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತಿನಲ್ಲಿ ಆ ಶಬ್ದಕ್ಕೆ ‘ಮನುಷ್ಯರು’ ಎಂದೇ ಅರ್ಥ. ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟಿದಾಗ ಅದು ಅವರಿಗೆ ಹೊಲವೂ ಹೌದು, ಹೆದ್ದಾರಿಯೂ ಹೌದು. ಸೀಲ್ ಪ್ರಾಣಿ ನೀರಿನಲ್ಲಿ ಬಾಳಿದರೂ ಅದಕ್ಕೆ ಉಸಿರಾಡಲು ಗಾಳಿ ಬೇಕು. ಆದುದರಿಂದ ಅದು ಮಂಜುಗಡ್ಡೆಯನ್ನು ಉಗುರುಗಳಿಂದ ಕೆರೆದು ಕೆಲವು ರಂಧ್ರಗಳನ್ನು ತೆರೆದಿಟ್ಟುಕೊಳ್ಳುತ್ತದೆ. ನಾಯಿ ಮೂಸಿ ಆ ರಂಧ್ರವನ್ನು ತೋರಿಸಿದರೆ, ಬೇಟೆಗಾರನು ಈಟಿ ಹಿಡಿದು ಗಂಟೆಗಟ್ಟಲೆ ಅಲುಗದೆ ಕಾಯುತ್ತಾನೆ. ಸೀಲಿನ ಮಾಂಸ ಊಟಕ್ಕೆ, ಚರ್ಮ ಉಡುಪಿಗೆ, ಕೊಬ್ಬು ಕಲ್ಲಿನ ಹಣತೆಗೆ. ಹಣ್ಣು ತರಕಾರಿಗಳು ಕೊಡುವ ‘ಸಿ’ ಜೀವಸತ್ವವೂ ಹಸಿಮಾಂಸದಿಂದ ಹಾಗೂ ತಿಮಿಂಗಿಲದ ಚರ್ಮದಿಂದ ಅವರಿಗೆ ದೊರೆಯುತ್ತಿದ್ದಿತು.

ಬೇಟೆಗಿಂತಲೂ ಹಂಚಿಕೆ ದೊಡ್ಡದು. ನೆಟ್ಸಿಲಿಕ್ ಜನರಲ್ಲಿ ಗಂಡುಮಗು ಹುಟ್ಟಿದಾಗಲೇ ತಾಯಿ ಅದಕ್ಕೆ ಪಾಲುಗಾರರನ್ನು ಗೊತ್ತುಮಾಡುತ್ತಿದ್ದಳು. ಆ ಮಗು ಬೆಳೆದು ಸೀಲನ್ನು ಕೊಂದು ತಂದಾಗ ತೊಡೆ ಇಂಥವನಿಗೆ, ಪಕ್ಕೆ ಇಂಥವನಿಗೆ ಎಂಬುದು ಆಗಲೇ ನಿಶ್ಚಿತ. ಪಾಲುಗಾರರು ಒಬ್ಬರನ್ನೊಬ್ಬರು ಆ ಭಾಗದ ಹೆಸರಿನಿಂದಲೇ ಕೂಗುತ್ತಿದ್ದುದೂ ಉಂಟು. ಉಪ್ಪುನೀರಿನಲ್ಲಿ ಬಾಳಿದ ಜೀವಕ್ಕೆ ದಾಹವಿದ್ದೀತೆಂದು, ಮನೆಗೆ ತಂದ ಸೀಲಿನ ಬಾಯಿಗೆ ಮನೆಯೊಡತಿ ಸಿಹಿನೀರನ್ನು ಬಿಡುತ್ತಿದ್ದಳು. ಅವರಿಗೆ ಹಸಿವಿನ ದಿನಗಳು ಬಾರದೆ ಇರಲಿಲ್ಲ. ಆದರೆ ಒಂದು ಮನೆಯಲ್ಲಿ ಊಟವಿದ್ದು ನೆರೆಮನೆಯಲ್ಲಿ ಉಪವಾಸವೆಂಬುದು ಆ ಏರ್ಪಾಡಿನಲ್ಲಿ ಸುಲಭವಾಗಿ ನಡೆಯುವಂತಿರಲಿಲ್ಲ.

ಈಗ ಆ ಕಣಜದ ತಳವೇ ಕರಗುತ್ತಿದೆ. ೧೯೭೯ರಿಂದೀಚೆಗೆ ಉತ್ತರ ಧ್ರುವಪ್ರದೇಶವು ಭೂಮಂಡಲದ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬೇಸಗೆಯ ಕೊನೆಗೆ ಉಳಿಯುವ ಕಡಲ ಮಂಜುಗಡ್ಡೆ ೨೦೧೨ರ ಸೆಪ್ಟೆಂಬರಿನಲ್ಲಿ ೩೪ ಲಕ್ಷ ಚದರ ಕಿಲೋಮೀಟರುಗಳಿಗೆ ಇಳಿಯಿತು. ೧೯೮೧ರಿಂದ ೨೦೧೦ರವರೆಗಿನ ಸರಾಸರಿಯ ಅರ್ಧಕ್ಕಿಂತ ಇದು ತುಸುವೇ ಹೆಚ್ಚು. ಕಡಲು ತಡವಾಗಿ ಹೆಪ್ಪುಗಟ್ಟಿ ಬೇಗನೆ ಒಡೆಯುತ್ತದೆ. ಅಜ್ಜ ನಡೆದ ದಾರಿಯಲ್ಲಿ ಮೊಮ್ಮಗ ಹೆಜ್ಜೆಯಿಟ್ಟರೆ ಗಡ್ಡೆ ಕುಸಿದು ವಾಹನದೊಡನೆ ಮುಳುಗುವ ಭಯ. ಸೀಲ್ ಇಲ್ಲವೆಂದಲ್ಲ, ಸೀಲಿನ ಬಳಿಗೆ ಹೋಗುವ ದಾರಿಯನ್ನು ನಂಬುವಂತಿಲ್ಲ.

ಆದರೆ ತಪ್ಪೆಲ್ಲವನ್ನೂ ಬಿಸಿಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ೧೯೫೩ ಮತ್ತು ೧೯೫೫ರಲ್ಲಿ ಕೆನಡಾ ಸರಕಾರವು ಕ್ವಿಬೆಕ್ ಪ್ರಾಂತದ ಉತ್ತರ ತೀರದ ಕೆಲವು ಇನುಯಿಟ್ ಕುಟುಂಬಗಳನ್ನು ಸುಮಾರು ಎರಡು ಸಾವಿರ ಕಿಲೋಮೀಟರು ಉತ್ತರಕ್ಕೆ ಒಯ್ದು, ತಿಂಗಳುಗಟ್ಟಲೆ ಸೂರ್ಯನೇ ಮೂಡದ ಸ್ಥಳಗಳಲ್ಲಿ ಇಳಿಸಿತು. ಅಲ್ಲಿನ ಬೇಟೆ ಬೇರೆ, ಕಡಲಿನ ಗುಣ ಬೇರೆ. ಇತರ ಕಡೆಗಳಲ್ಲಿಯೂ ಶಾಲೆ, ವೈದ್ಯ, ವಸತಿಗಳ ಹೆಸರಿನಲ್ಲಿ ಅಲೆಮಾರಿ ಜನರನ್ನು ಹಳ್ಳಿಗಳಲ್ಲಿ ನೆಲೆಗೊಳಿಸಲಾಯಿತು. ಜಾರುಬಂಡಿ ಎಳೆಯುವ ನಾಯಿಗಳು ಗುಂಡಿಗೆ ಬಲಿಯಾದವು. ಸ್ಥಳಾಂತರಕ್ಕಾಗಿ ೨೦೧೦ರಲ್ಲಿ, ನಾಯಿಗಳ ವಿಷಯದಲ್ಲಿ ೨೦೧೯ರಲ್ಲಿ ಸರಕಾರವು ಕ್ಷಮೆ ಬೇಡಿತು.

ನಾಯಿಗೆ ಬೇಟೆಯ ಮಾಂಸ ಸಾಕಾಗಿತ್ತು; ಅದರ ಸ್ಥಾನಕ್ಕೆ ಬಂದ ಯಂತ್ರದ ಬಂಡಿಗೆ ಪೆಟ್ರೋಲು ಬೇಕು, ಪೆಟ್ರೋಲಿಗೆ ಹಣ ಬೇಕು. ಆ ಹಣ ಬರುತ್ತಿದ್ದುದು ಸೀಲಿನ ಚರ್ಮದಿಂದ. ೧೯೮೩ರಲ್ಲಿ ಯೂರೋಪಿನ ರಾಷ್ಟ್ರಗಳು ಸೀಲ್ ಮರಿಗಳ ಬಿಳಿಯ ಚರ್ಮದ ಆಮದನ್ನು ನಿಷೇಧಿಸಿದವು. ಇನುಯಿಟ್ ಜನ ಬೇಟೆಯಾಡುತ್ತಿದ್ದುದು ಆ ಮರಿಗಳನ್ನಲ್ಲ. ಆದರೂ ಒಟ್ಟು ಮಾರುಕಟ್ಟೆಯೇ ಕುಸಿದು ಅವರ ಚರ್ಮಕ್ಕೂ ಬೆಲೆಯಿಲ್ಲದಾಯಿತು. ಹೀಗೆ ಇಂದು ಬೇಟೆಗೆ ಹೋಗಬಲ್ಲವನು ಸಂಬಳದ ನೌಕರಿಯುಳ್ಳವನು, ಅವನಿಗೋ ಬಿಡುವಿಲ್ಲ. ಬಿಡುವಿರುವವನ ಕೈಯಲ್ಲಿ ಕಾಸಿಲ್ಲ.

ಇನ್ನುಳಿದುದು ಅಂಗಡಿ. ೧೯೯೯ರ ಏಪ್ರಿಲ್ ೧ರಂದು ಇನುಯಿಟ್ ಜನರಿಗಾಗಿ ರೂಪುಗೊಂಡ ನುನಾವುಟ್ ಪ್ರಾಂತದಲ್ಲಿ ೨೫ ಊರುಗಳಿವೆ. ಒಂದು ಊರಿಂದ ಮತ್ತೊಂದಕ್ಕೆ ರಸ್ತೆಯಿಲ್ಲ. ಬೇಸಗೆಯ ಕೆಲವೇ ವಾರ ಹಡಗು ಬರುತ್ತದೆ. ಉಳಿದ ಕಾಲದಲ್ಲಿ ಹಾಲು, ಹಣ್ಣು, ಮೊಟ್ಟೆಗಳೆಲ್ಲ ವಿಮಾನದಲ್ಲಿಯೇ ಬರಬೇಕು. ದಾರಿಯ ವೆಚ್ಚ ಬೆಲೆಗೆ ಸೇರುತ್ತದೆ. ದೂರದಿಂದ ಬಂದ ಹಣ್ಣು ಬಾಡಿರುತ್ತದೆ. ೨೦೦೭-೦೮ರಲ್ಲಿ ಅಲ್ಲಿ ನಡೆಸಿದ ಆರೋಗ್ಯ ಸಮೀಕ್ಷೆಯ ಪ್ರಕಾರ, ಶಾಲೆಗೆ ಸೇರುವ ವಯಸ್ಸಾಗದ ಇನುಯಿಟ್ ಮಕ್ಕಳಲ್ಲಿ ನೂರಕ್ಕೆ ಸುಮಾರು ೭೦ ಮಕ್ಕಳು ಊಟದ ಭರವಸೆಯಿಲ್ಲದ ಮನೆಗಳಲ್ಲಿದ್ದರು. ಲೋಕದ ಸಿರಿವಂತ ರಾಷ್ಟ್ರಗಳಲ್ಲೊಂದಾದ ಕೆನಡಾದಲ್ಲಿ ಈ ಸ್ಥಿತಿ! ೨೦೧೧ರಿಂದ ಸರಕಾರವು ಉತ್ತರದ ಊರುಗಳಿಗೆ ಹೋಗುವ ಆಹಾರಕ್ಕೆ ಸಹಾಯಧನ ಕೊಡುತ್ತಿದೆ. ಆದರೂ ೨೦೧೨ರಲ್ಲಿ ಬೆಲೆಗಳನ್ನು ಪ್ರತಿಭಟಿಸಿ ತಾಯಂದಿರು ಅಂಗಡಿಗಳ ಮುಂದೆ ನಿಂತರು.

ಆ ಜನ ಕೈಕಟ್ಟಿ ಕುಳಿತಿಲ್ಲ. ಲ್ಯಾಬ್ರಡಾರ್ ತೀರದ ನೈನ್ ಎಂಬ ಊರಿನಲ್ಲಿ ಮೊದಲಾದ ‘ಸ್ಮಾರ್ಟ್ ಐಸ್’ ಯೋಜನೆಯಲ್ಲಿ, ಮಂಜುಗಡ್ಡೆಯ ದಪ್ಪವನ್ನು ಅಳೆಯುವ ಉಪಕರಣವನ್ನು ಜಾರುಬಂಡಿಯಲ್ಲಿಟ್ಟು ಊರಿನವರೇ ಎಳೆದೊಯ್ಯುತ್ತಾರೆ. ಯಾವ ದಾರಿ ಕ್ಷೇಮವೆಂದು ಬೇಟೆಗಾರರಿಗೆ ತಿಳಿಸುತ್ತಾರೆ. ಹಿರಿಯರ ಅನುಭವವೂ ಯಂತ್ರದ ಲೆಕ್ಕವೂ ಇಲ್ಲಿ ಜೊತೆಗೂಡಿವೆ. ೨೦೨೧ರಲ್ಲಿ ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಸ್ಥೆಯು ತನ್ನದೇ ಆಹಾರ ಭದ್ರತೆಯ ಯೋಜನೆಯನ್ನು ಪ್ರಕಟಿಸಿತು. ಅಂಗಡಿಯ ಸಾಮಾನನ್ನು ಅಗ್ಗಮಾಡಿದರಷ್ಟೇ ಸಾಲದು, ಬೇಟೆಯನ್ನೂ ಹಂಚಿಕೆಯನ್ನೂ ಉಳಿಸಬೇಕೆಂಬುದು ಅವರ ನಿಲುವು.

ಇದಕ್ಕೂ ಮೊದಲು, ೨೦೦೫ರಲ್ಲಿ, ಶೀಲಾ ವಾಟ್-ಕ್ಲೂಟಿಯೇ ಎಂಬ ಇನುಯಿಟ್ ಮಹಿಳೆ ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗದ ಮುಂದೆ ಒಂದು ಮನವಿಯನ್ನಿಟ್ಟಳು. ಸಂಯುಕ್ತ ಸಂಸ್ಥಾನಗಳ ಹೊಗೆಯಿಂದ ತನ್ನ ಜನರ ಮಂಜುಗಡ್ಡೆ ಕರಗುತ್ತಿದೆ, ಇದು ಮನುಷ್ಯರ ಹಕ್ಕಿಗೆ ಬಂದ ಕುತ್ತು ಎಂಬುದು ಅವಳ ವಾದ. ಆಯೋಗವು ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಮುಂದೆ ೨೦೧೫ರಲ್ಲಿ ಅವಳು ಬರೆದ ಪುಸ್ತಕದ ಹೆಸರಿಗೆ ‘ಚಳಿಯಲ್ಲಿರುವ ಹಕ್ಕು’ ಎಂದು ಅರ್ಥ.

ಬೆಚ್ಚಗಿರಲು ಹಂಬಲಿಸುವ ಲೋಕಕ್ಕೆ ಈ ಬೇಡಿಕೆ ವಿಚಿತ್ರವಾಗಿ ಕಾಣಬಹುದು. ಆದರೆ ಮಳೆಯನ್ನು ನಂಬಿದ ರೈತ ಮಳೆ ಬೇಕೆಂದು ಕೇಳುವುದು ಹೇಗೋ, ಮಂಜುಗಡ್ಡೆಯ ಮೇಲೆ ಬಾಳುವವರು ಚಳಿ ಬೇಕೆಂದು ಕೇಳುವುದೂ ಹಾಗೆಯೇ. ಫ್ರಾಂಕ್ಲಿನ್ನನಿಗೆ ಮೃತ್ಯುವಾದ ಆ ಮಂಜುಗಡ್ಡೆ ಅವರ ಮಕ್ಕಳ ಅನ್ನ.