ಪೌಲನ ಪತ್ರವನ್ನು ಪೂರ್ತಿ ಓದಿ, ಆಮೇಲೆ ಪ್ರಸಂಗ ಮಾಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಕ್ರೈಸ್ತ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಯುಧಪೂಜೆಯ ದಿನ ಕಚೇರಿಯಲ್ಲಿ, ಗ್ಯಾರೇಜಿನಲ್ಲಿ, ಪಕ್ಕದ ಮನೆಯಲ್ಲಿ ಕೊಡುವ ಪ್ರಸಾದವನ್ನು ತಿನ್ನಬಹುದೇ, ತಿನ್ನಬಾರದೇ? ಪೀಠದಿಂದ ಬರುವ ಉತ್ತರ ಎಷ್ಟೋ ಸಲ ಒಂದೇ ವಚನದ್ದು. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹತ್ತನೇ ಅಧ್ಯಾಯದಿಂದ ಒಂದು ಸಾಲು ಎತ್ತಿ ಓದುತ್ತಾರೆ, ಮುಟ್ಟಬೇಡಿ ಎನ್ನುತ್ತಾರೆ, ಪ್ರಸಂಗ ಮುಂದಕ್ಕೆ ಹೋಗುತ್ತದೆ. ಇದು ಪೌಲನಿಗೂ ಅನ್ಯಾಯ, ಕೇಳುತ್ತ ಕೂತ ಜನಕ್ಕೂ ಅನ್ಯಾಯ.

ನಾನು ಸಭಾಪಾಲಕಿಯಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಭಾನುವಾರದ ಆರಾಧನೆಯಲ್ಲಿ ಪತ್ರಿಕೆಯ ಪಾಠ ಓದುವ ಸರದಿ ಆಗಾಗ ನನಗೂ ಬರುತ್ತದೆ. ಪತ್ರಲೇಖನ ಕಲಿಸುವಾಗ ನಾನು ಮಕ್ಕಳಿಂದ ಮೊದಲು ಬರೆಸುತ್ತಿದ್ದದ್ದು ಮೂರೇ ಸಂಗತಿ: ಯಾರಿಂದ, ಯಾರಿಗೆ, ಯಾವ ವಿಷಯಕ್ಕೆ. ನಮ್ಮ ಪ್ರಸಂಗಗಳಲ್ಲಿ ಕಾಣೆಯಾಗುವುದೂ ಈ ಮೂರೇ.

ಪೌಲ ಆ ಪತ್ರವನ್ನು ಎಫೆಸದಿಂದ, ಕ್ರಿ.ಶ. 54ರ ಸುಮಾರಿಗೆ ಬರೆದ. ಕೊರಿಂಥದವರು ಅದಕ್ಕೆ ಮೊದಲೇ ಅವನಿಗೆ ಕೆಲವು ಪ್ರಶ್ನೆ ಬರೆದು ಕಳಿಸಿದ್ದರು. ಖ್ಲೋಯೆ ಎಂಬ ಹೆಂಗಸಿನ ಮನೆಯವರು ಬಂದು ಅಲ್ಲಿನ ಜಗಳಗಳ ಸುದ್ದಿಯನ್ನೂ ಮುಟ್ಟಿಸಿದ್ದರು. ಕೊರಿಂಥ ಎರಡು ಬಂದರುಗಳ ವ್ಯಾಪಾರಿ ಊರು. ಅಲ್ಲಿ ಅಗೆದಾಗ ಸಿಕ್ಕ ಅಸ್ಕ್ಲೇಪಿಯಸ್ ದೇವಸ್ಥಾನದಲ್ಲಿ ಊಟದ ಕೋಣೆಗಳೇ ಇವೆ. ದೇವರ ಸನ್ನಿಧಿಯಲ್ಲಿ ನೆಂಟರಿಷ್ಟರನ್ನು ಕೂಡಿಸಿ ಊಟ ಹಾಕುವುದು ಆ ಕಾಲದ ವಾಡಿಕೆ. ಬಲಿಯ ಮಾಂಸ ಅಂಗಡಿಗೂ ಬರುತ್ತಿತ್ತು. ಹೊಸದಾಗಿ ಕ್ರೈಸ್ತರಾದವರು ಇಂಥ ಊರಿನಲ್ಲಿ ಏನು ತಿನ್ನಬೇಕು, ಯಾರ ಜೊತೆ ಕೂರಬೇಕು?

ಪೌಲ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿಲ್ಲ. ಎಂಟರಿಂದ ಹತ್ತನೇ ಅಧ್ಯಾಯದ ತನಕ, 73 ವಚನಗಳಷ್ಟು ಉದ್ದಕ್ಕೆ ಆ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ದೇವಸ್ಥಾನದ ಪಂಕ್ತಿಯಲ್ಲಿ ಕೂತು ಉಣ್ಣಬೇಡಿ ಎನ್ನುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ಕೆದಕಿ ಕೇಳದೆ ತಿನ್ನಿ ಎನ್ನುತ್ತಾನೆ. ಅನ್ಯಮತದ ಸ್ನೇಹಿತರು ಊಟಕ್ಕೆ ಕರೆದು, ಹೋಗಲು ನಿಮಗೆ ಇಷ್ಟವಿದ್ದರೆ ಹೋಗಿ, ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ. ಅಲ್ಲಿ ಯಾರಾದರೂ ಇದು ದೇವರಿಗೆ ಅರ್ಪಿಸಿದ್ದು ಎಂದು ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ತಾನು ತಿನ್ನುವುದರಿಂದ ಒಬ್ಬ ಸಹೋದರ ಎಡವುವುದಾದರೆ ಎಂದೆಂದಿಗೂ ಮಾಂಸವನ್ನೇ ಮುಟ್ಟುವುದಿಲ್ಲ ಎಂದೂ ಸೇರಿಸುತ್ತಾನೆ. ತಟ್ಟೆಯಲ್ಲಿ ಏನಿದೆ ಎನ್ನುವುದಕ್ಕಿಂತ ಪಕ್ಕದಲ್ಲಿ ಯಾರು ಕೂತಿದ್ದಾರೆ ಎನ್ನುವುದೇ ಅವನಿಗೆ ಹೆಚ್ಚಿನದು. ಈ ಪೂರ್ತಿ ವಾದದಲ್ಲಿ ಒಂದು ವಚನ ಮಾತ್ರ ಕಿತ್ತರೆ ಯಾವ ಕಡೆಗಾದರೂ ತೀರ್ಪು ಕೊಡಬಹುದು. ನಾವು ಇಷ್ಟು ಸಲೀಸಾಗಿ ಉಪಯೋಗಿಸುವ ವಚನಸಂಖ್ಯೆಗಳನ್ನು ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು 1551ರಲ್ಲಿ. ಪೌಲ ಬರೆದದ್ದು ಒಂದೇ ಉಸಿರಿನ ಪತ್ರ, ಸಭೆ ಸೇರಿದಾಗ ಗಟ್ಟಿಯಾಗಿ ಓದಿ ಕೇಳಿಸುವುದಕ್ಕೆ.

ಈಗ ಮಂಡಿ ಮೊಹಲ್ಲಾದ ಒಂದು ಸ್ಕೂಟರ್ ಗ್ಯಾರೇಜಿಗೆ ಬನ್ನಿ. ಆಯುಧಪೂಜೆಯ ಮಧ್ಯಾಹ್ನ. ನೆಲ ತೊಳೆದಿದೆ, ಬಾಗಿಲಿಗೆ ಬಾಳೆಕಂದು, ಮಾವಿನಸೊಪ್ಪು. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದ್ದಾರೆ. ಬೂದುಗುಂಬಳ ಒಡೆದಾಗಿದೆ. ನಮ್ಮ ಸಭೆಯ ಹುಡುಗನೊಬ್ಬ ಅಲ್ಲಿ ಕೆಲಸಕ್ಕಿದ್ದಾನೆ. ಮಾಲೀಕರು ಎಲ್ಲರ ಕೈಗೂ ಕಡ್ಲೆಪುರಿ, ಬಾಳೆಹಣ್ಣು, ಸಿಹಿ ಹಾಕಿದ ಕವರ್ ಕೊಡುತ್ತ ಬಂದು, ಇವನ ಹತ್ತಿರ ನಿಂತು, 'ನಿಂದು ಪೂಜೆಗೆ ಮುಂಚೇನೇ ತೆಗ್ದಿಟ್ಟಿದ್ದೀನಿ ಕಣಪ್ಪಾ, ಯೋಚ್ನೆ ಮಾಡ್ಬೇಡ' ಎಂದರಂತೆ. ಅವನು ಈ ಸಂಗತಿಯನ್ನು ನನಗೆ ಹೇಳಿ, ‘ಟೀಚರ್, ನಾನು ತಿಂದೆ. ತಪ್ಪಾ?’ ಎಂದು ಕೇಳಿದ.

ಆ ಮಾಲೀಕರು ಕೊರಿಂಥದವರಿಗೆ ಬರೆದ ಪತ್ರ ಓದಿದವರಲ್ಲ. ಆದರೂ ಇನ್ನೊಬ್ಬನ ಮನಸ್ಸಾಕ್ಷಿಯನ್ನು ನೆನೆದು ಕವರ್ ಬೇರೆ ತೆಗೆದಿಟ್ಟರು. ಪೌಲ ಕೇಳುವುದು ಇದನ್ನೇ. ಅದೇ ಹುಡುಗನ ಅತ್ತೆ ಈಚೆಗೆ ವಿಶ್ವಾಸಕ್ಕೆ ಬಂದವರು. ಆ ಕವರ್ ಮನೆಗೆ ಬಂದರೆ ಅವರಿಗೆ ನೋವಾಗುತ್ತದೆ. ಹಾಗಾದರೆ ಅವರ ಮುಂದೆ ಬಿಚ್ಚದೆ ಇರುವುದೂ ಪೌಲ ಕೇಳುವುದೇ. ನಾನು ಹುಡುಗನಿಗೆ ಹೌದು ಅಲ್ಲ ಎನ್ನದೆ ಮೂರೂ ಅಧ್ಯಾಯಗಳನ್ನು ಅವನ ಜೊತೆ ಕೂತು ಓದಿದೆ. ಗಟ್ಟಿಯಾಗಿ ಓದಿದರೆ ಹತ್ತು ನಿಮಿಷದ ಕೆಲಸ.

ಹೊಸ ವಿಶ್ವಾಸಿಗಳಿಗೆ ಗೊಂದಲವಾಗಬಾರದು, ಅವರಿಗೆ ಸ್ಪಷ್ಟ ನಿಯಮ ಬೇಕು ಎಂದು ಸಭಾಪಾಲಕರು ಹೇಳುವುದುಂಟು. ಅವರ ಕಾಳಜಿ ನಿಜವಾದದ್ದು. ಆದರೆ ಕೊರಿಂಥದಲ್ಲಿದ್ದವರೂ ಹೊಸಬರೇ. ಪೌಲ ಅವರನ್ನು ಯೋಚಿಸಬಲ್ಲವರೆಂದು ನಂಬಿ ಬರೆದ, ನೀವೇ ತೂಗಿ ನೋಡಿ ಎಂದ.

ಬೇರೆ ವಿಷಯಗಳಲ್ಲೂ ಇದೇ ಕಥೆ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂಬ ಹದಿನಾಲ್ಕನೇ ಅಧ್ಯಾಯದ ಮಾತನ್ನು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಅದೇ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥಿಸುತ್ತಾರೆ, ಪ್ರವಾದಿಸುತ್ತಾರೆ. ಅವರು ಹಾಗೆ ಮಾಡುವಾಗ ತಲೆಯ ಮೇಲೆ ಮುಸುಕಿರಬೇಕು ಎನ್ನುವುದಷ್ಟೇ ಅಲ್ಲಿನ ತಕರಾರು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಕೆಂಖ್ರೆಯ ಫೊಯಿಬೆಯನ್ನು ಪೌಲ ಸಭೆಯ ಸೇವಕಿ ಎಂದು ಪರಿಚಯಿಸಿ ಗೌರವದಿಂದ ಬರಮಾಡಿಕೊಳ್ಳಿ ಎನ್ನುತ್ತಾನೆ. ನಮ್ಮ ದಕ್ಷಿಣ ಭಾರತ ಸಭೆ 2013ರಲ್ಲಿ ಪುಷ್ಪ ಲಲಿತಾ ಅವರನ್ನು ನಂದ್ಯಾಲದ ಬಿಷಪ್ ಆಗಿ ಅಭಿಷೇಕಿಸಿತು. ಆ ಮೇಲೂ ಒಂದು ವಚನ ಹಿಡಿದು ಹೆಂಗಸರ ಬಾಯಿ ಮುಚ್ಚಿಸಲು ಹೊರಡುವುದು ಪತ್ರವನ್ನು ಓದದವರ ಕೆಲಸ. ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದು ಕೂರುತ್ತಿದ್ದ ಕೊರಿಂಥದ ಭೋಜನವನ್ನು ಪೌಲ ಕಟುವಾಗಿ ಬೈದ ಭಾಗವಂತೂ ನಮ್ಮಲ್ಲಿ ಕರ್ತನ ಭೋಜನದ ನಾಲ್ಕು ವಚನಗಳಾಗಿ ಮೊಟಕಾಗಿದೆ. ಸಭೆಯೊಳಗೂ ಜಾತಿ ಕೇಳಿ ಸಂಬಂಧ ಬೆಳೆಸುವ ನಾವು ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು.

ಕಥೋಲಿಕರಲ್ಲಿ ತೊಂದರೆ ಇನ್ನೊಂದು ಬಗೆಯದು. 1969ರ ಪಾಠಕ್ರಮದ ಪ್ರಕಾರ ನಮ್ಮೂರಿನ ಸೇಂಟ್ ಫಿಲೋಮಿನಾ ಚರ್ಚಿನಲ್ಲೂ ಭಾನುವಾರದ ಎರಡನೇ ವಾಚನ ಪತ್ರಗಳಿಂದಲೇ ಹೆಚ್ಚು. ಆದರೆ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹೊಂದಿಸಿ ಆರಿಸಿರುತ್ತಾರೆ, ಎರಡನೆಯದು ತನ್ನ ಪಾಡಿಗೆ ಸಾಗುತ್ತದೆ. ಹೀಗಾಗಿ ಪ್ರಬೋಧನೆಯಲ್ಲಿ ಅದರ ಸುದ್ದಿ ಅಪರೂಪ.

ಮೈಸೂರಿನ ಸಭಾಪಾಲಕರಲ್ಲಿ, ಪಾದ್ರಿಗಳಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷ ಆಯುಧಪೂಜೆಗೆ ಮುಂಚಿನ ಭಾನುವಾರ ಎಂಟರಿಂದ ಹತ್ತನೇ ಅಧ್ಯಾಯದವರೆಗೆ ಪೂರ್ತಿ ಓದಿಸಿ. ಕೊರಿಂಥದವರು ಕೇಳಿದ ಪ್ರಶ್ನೆ ಏನೆಂದು ಮೊದಲು ಹೇಳಿ. ಆಮೇಲೆ ಗ್ಯಾರೇಜಿನಲ್ಲಿ, ಕಚೇರಿಯಲ್ಲಿ, ಅಕ್ಕಪಕ್ಕದಲ್ಲಿ ನಿಮ್ಮ ಜನರಿಗೆ ಎದುರಾಗುವುದೇನೆಂದು ಅವರನ್ನೇ ಕೇಳಿ. ಪ್ರಸಂಗ ಐದು ನಿಮಿಷ ಕಮ್ಮಿಯಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.