ಸಂತ ಕಬ್ರಿನಿಯವರ ಹೆಸರಿನ ಕೇರಿ

ವಲಸಿಗರ ಪಾಲಕಿಯೆಂದು ಧರ್ಮಸಭೆ ಗೌರವಿಸುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರಿನಿಯವರು 1917ರಲ್ಲಿ ದೈವಾಧೀನರಾದದ್ದು ಅಮೆರಿಕದ ಚಿಕಾಗೋ ನಗರದಲ್ಲಿ. 1942ರಲ್ಲಿ ಅಲ್ಲಿನ ಬಡ ಕುಟುಂಬಗಳಿಗಾಗಿ ಕಟ್ಟಿಸಿದ ಸಾಲುಮನೆಗಳಿಗೆ ಅವರ ಹೆಸರನ್ನೇ ಇಡಲಾಯಿತು. ಮುಂದೆ ಸುತ್ತಲೂ ಬಹುಮಹಡಿ ಕಟ್ಟಡಗಳೆದ್ದು ಅದು ಕಬ್ರಿನಿ-ಗ್ರೀನ್ ಬಡಾವಣೆಯಾಯಿತು. ಕೆಟ್ಟುನಿಂತ ಲಿಫ್ಟುಗಳು, ನಿರುದ್ಯೋಗ, ಬಂದೂಕು. 1992ರಲ್ಲಿ ತಾಯಿಯೊಡನೆ ಶಾಲೆಗೆ ಹೊರಟಿದ್ದ ಏಳು ವರ್ಷದ ಬಾಲಕನೊಬ್ಬ ಗುಂಡೇಟಿಗೆ ಬಲಿಯಾದ. ಇಂಥದನ್ನು ಕೆಡವಿದ್ದೇ ತಪ್ಪೆಂದು ನಾನು ಹೇಳಲಾರೆ.

1995ರಿಂದ 2011ರೊಳಗೆ ಆ ಎತ್ತರದ ಕಟ್ಟಡಗಳೆಲ್ಲ ನೆಲಸಮವಾದವು. ಅಂದವಾದ ಮನೆಗಳು, ದೊಡ್ಡ ಅಂಗಡಿಗಳು ಬಂದವು. ಹೊಸ ಮನೆಗಳಲ್ಲಿ ಒಂದಂಶ ಬಡವರಿಗೆ, ಉಳಿದವು ಹಣವುಳ್ಳವರಿಗೆ. ಪ್ರಿಯ ವಾಚಕರೇ, ದೋಷವಿರುವುದು ಅನುಕ್ರಮದಲ್ಲಿ: ಬದಲಿ ಮನೆ ಸಿದ್ಧವಾಗುವ ಮೊದಲೇ ಇದ್ದ ಮನೆಯನ್ನು ಕೆಡವಲಾಯಿತು. ಬಾಡಿಗೆ ನೆರವಿನ ಚೀಟಿ ಹಿಡಿದು ಚದುರಿಹೋದ ಕುಟುಂಬಗಳಲ್ಲಿ ಅನೇಕವು ಹಿಂದಿರುಗಲೇ ಇಲ್ಲ. ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗುರಿಯಾಗಬೇಕಿದ್ದ ಮನುಷ್ಯನು ಇಲ್ಲಿ ಸಾಧನವೂ ಆಗಲಿಲ್ಲ, ಅಡಚಣೆಯಾದನು.

ಸಂತರ ಹೆಸರು ಹೊತ್ತ ಆ ಮೊದಲಿನ 586 ಸಾಲುಮನೆಗಳಲ್ಲಿ ದುರಸ್ತಿಗೊಂಡವು 146 ಮಾತ್ರ. ಉಳಿದವು, ಮನೆಗಾಗಿ ಕಾದವರಿದ್ದೂ, ಬೇಲಿಯೊಳಗೆ ವರ್ಷಗಟ್ಟಲೆ ಖಾಲಿ ನಿಂತವು.