ರೇಂಜ್ ಎಕ್ಸ್‌ಟೆಂಡರ್ ಕಾರಲ್ಲಿ ಬೇಡ, ಗೋಡೆಯಲ್ಲಿ ಕೊಡಿ

"ಎಷ್ಟ ಓಡತೈತ್ರೀ ಇದು?"

ಗಣೇಬೈಲ್ ಟೋಲ್ ಹತ್ತಿರ, ಚಹಾದಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ... ಸಣ್ಣ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವನಿಗೆ ಜಗತ್ತು ಕೇಳೋದು ಇದೊಂದೇ ಪ್ರಶ್ನೆ. ನಾನು ನಿಜ ಹೇಳಿಬಿಡ್ತೀನಿ, "ಎಪ್ಪತ್ತು ಕಿಲೋಮೀಟರ್." ತಕ್ಷಣ ಅವರ ಮುಖದ ಮೇಲೆ ಕರುಣೆ. "ಅಯ್ಯ, ನಡಬರಕ ನಿಂತ್ರ?"

ನಿಂತಿದೆ ಸ್ವಾಮಿ. ಒಂದೇ ಸಲ. ಆ ಕತೆ ಹೇಳೋಕೇ ಇವತ್ತು ಕೂತಿದ್ದೀನಿ.

ನನ್ನ ಮನೆ ಖಾನಾಪುರದಲ್ಲಿ, ಆಫೀಸು ಬೆಳಗಾವಿಯ ಟಿಳಕವಾಡಿಯಲ್ಲಿ. ಹೋಗೋಕೆ 26, ಬರೋಕೆ 26, ಒಟ್ಟು 52 ಕಿ.ಮೀ. ಕಾರು ಸೆಕೆಂಡ್ ಹ್ಯಾಂಡ್. ಹೊಸದಿದ್ದಾಗ ನೂರು ಓಡ್ತಿತ್ತಂತೆ, ಈಗ ಬ್ಯಾಟರಿಗೆ ವಯಸ್ಸಾಗಿದೆ. ಫಾಸ್ಟ್ ಚಾರ್ಜಿಂಗ್ ಕಿಂಡಿ ಅದಕ್ಕೆ ಇಲ್ಲವೇ ಇಲ್ಲ, 15 ಆಂಪಿಯರ್ ಪ್ಲಗ್ಗೇ ಗತಿ. ಒಣ ದಿನಗಳಲ್ಲಿ ಮನೆ ಮುಟ್ಟಿದಾಗ ಇನ್ನೂ 18 ಕಿ.ಮೀ. ಉಳಿದಿರುತ್ತೆ. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ, ವೈಪರ್, ಲೈಟು, ಗಾಜಿನ ಮಂಜು ತೆಗೆಯೋ ಬ್ಲೋವರ್ ಎಲ್ಲ ಸೇರಿದರೆ ಅದು ಹತ್ತಕ್ಕೆ ಇಳಿಯುತ್ತೆ.

"ಹಂಗಾದ್ರ ರೇಂಜ್ ಎಕ್ಸ್‌ಟೆಂಡರ್ ಹಾಕಿಸೋ" ಅಂದ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿರೋ ಗೆಳೆಯ. ಗೊತ್ತಿಲ್ಲದವರಿಗೆ: ರೇಂಜ್ ಎಕ್ಸ್‌ಟೆಂಡರ್ ಅಂದ್ರೆ ಎಲೆಕ್ಟ್ರಿಕ್ ಕಾರಿನೊಳಗೆ ಕೂರೋ ಒಂದು ಪುಟ್ಟ ಪೆಟ್ರೋಲ್ ಎಂಜಿನ್. ಅದು ಚಕ್ರ ತಿರುಗಿಸಲ್ಲ, ಜನರೇಟರ್ ತಿರುಗಿಸಿ ಕರೆಂಟ್ ಮಾಡುತ್ತೆ ಅಷ್ಟೇ. 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ಕಾರಿನಲ್ಲಿ ಬೇಕಾದವರಿಗೆ 647 ಸಿಸಿಯ ಒಂದು ಸ್ಕೂಟರ್ ಎಂಜಿನ್ ಇಟ್ಟುಕೊಡ್ತಿದ್ದರು. ಬ್ಯಾಟರಿ 22 ಯೂನಿಟ್‌ನಿಂದ 42ಕ್ಕೆ ಬೆಳೆದ ಹೊತ್ತಿಗೆ, 2018ರಲ್ಲಿ, ಯುರೋಪಿನಲ್ಲಿ ಅದನ್ನ ಕೈಬಿಟ್ಟರು. 2022ರಲ್ಲಿ ಆ ಕಾರೇ ನಿಂತುಹೋಯ್ತು.

ನಮ್ಮವರೂ ಈ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. 2001ರಲ್ಲಿ ಬೆಂಗಳೂರಿಂದ ರೇವಾ ಬಂತು, 80 ಕಿ.ಮೀ. ಓಡುತ್ತೆ ಅಂದರು. 2009ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಅದೇ ಕಂಪನಿ 'ರಿವೈವ್' ಅಂತ ಒಂದು ಉಪಾಯ ತೋರಿಸಿತು. ಚಾರ್ಜ್ ಮುಗಿದರೆ ಕಂಪನಿಗೆ ಫೋನ್ ಮಾಡಿ ಇಲ್ಲಾ ಎಸ್ಸೆಮ್ಮೆಸ್ ಕಳಿಸಿ, ಅವರು ದೂರದಿಂದಲೇ ಬ್ಯಾಟರಿ ನೋಡಿ, ಎತ್ತಿಟ್ಟ ಸ್ವಲ್ಪ ಚಾರ್ಜ್ ಬಿಡ್ತಾರೆ. ಬೈಕಿನ ರಿಸರ್ವ್ ಟ್ಯಾಂಕ್ ಇದ್ದ ಹಾಗೆ. ಸಾಫ್ಟ್‌ವೇರಿನವನಾಗಿ ಇದಕ್ಕೆ ನಾನು ಟೋಪಿ ತೆಗೀತೀನಿ :-)

ನನ್ನ ಕಾರಿನಲ್ಲಿ ಇದ್ಯಾವುದೂ ಇರಲಿಲ್ಲ. ಹಾಗಾಗಿ ಒಂದು 2 ಕೆವಿಎ ಪೆಟ್ರೋಲ್ ಜನರೇಟರ್ ತಂದು ಡಿಕ್ಕಿಯಲ್ಲಿ ಇಟ್ಟೆ. ತೂಕ ಇಪ್ಪತ್ತು ಕೆ.ಜಿ. ಮೇಲೆ. ಕಾರೆಲ್ಲ ಪೆಟ್ರೋಲ್ ವಾಸನೆ. ಎಲೆಕ್ಟ್ರಿಕ್ ಕಾರು ಕೊಂಡಿದ್ದು ಯಾಕೆ ಅಂತ ನನಗೇ ಮರೆತುಹೋಗೋವಷ್ಟು.

ಹೋದ ಮಳೆಗಾಲದಲ್ಲಿ ಒಂದು ದಿನ ಅವ್ವನನ್ನ ತಪಾಸಣೆಗೆ ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆ ಇದ್ದದ್ದು ಊರಿನ ಆ ತುದಿಯಲ್ಲಿ. ಹೆಚ್ಚುವರಿ 14 ಕಿ.ಮೀ. ಆಯ್ತು. ರಾತ್ರಿ ವಾಪಸ್ ಬರುವಾಗ ಪೀರನವಾಡಿ, ಮಚ್ಛೆ ದಾಟಿ ದೇಸೂರ ಹತ್ತಿರ ಬಂದಾಗ ಬ್ಯಾಟರಿ ಶೇಕಡಾ 6. ಮನೆಗೆ ಇನ್ನೂ 14 ಕಿ.ಮೀ. ಧಾರಾಕಾರ ಮಳೆ. ಒಂದು ಮುಚ್ಚಿದ ಅಂಗಡಿಯ ತಗಡಿನ ಕೆಳಗೆ ನಿಲ್ಲಿಸಿ ಜನರೇಟರ್ ಇಳಿಸಿ ಎಳೆದೆ. ಭರ್ರ್ ಅಂತ ಶುರುವಾಯ್ತು. ಚಾರ್ಜರ್ ಚುಚ್ಚಿದೆ. ಕೆಂಪು ದೀಪ!

ಕಾರಣ ಅರ್ಥಿಂಗ್. ಸಣ್ಣ ಜನರೇಟರಿನ ನ್ಯೂಟ್ರಲ್ ನೆಲಕ್ಕೆ ಕಟ್ಟಿರಲ್ಲ, ತೇಲ್ತಾ ಇರುತ್ತೆ. ಕಾರಿನ ಚಾರ್ಜರ್ ಮೊದಲು ಅರ್ಥ್ ಸಿಕ್ಕಿದೆಯಾ ನೋಡುತ್ತೆ, ಸಿಗದಿದ್ದರೆ ಒಂದು ಹನಿ ಕರೆಂಟೂ ತಗೊಳ್ಳಲ್ಲ. ಮನೆಯಲ್ಲಿ ಮೊದಲೇ ಟೆಸ್ಟ್ ಮಾಡಿರಲಿಲ್ಲವೇನೋ ಅಂತ ಕೇಳಬೇಡಿ. ಸಾಫ್ಟ್‌ವೇರ್ ಇಂಜಿನಿಯರ್ ಕಣ್ರೀ, ಪ್ರೊಡಕ್ಷನ್‌ನಲ್ಲೇ ಟೆಸ್ಟಿಂಗ್ :-(

ಅವ್ವ ಕಾರಿನಲ್ಲಿ ಸೆರಗು ಹೊದ್ದು ಕೂತಿದ್ದಳು. "ಬಸ್ಸಿಗೆ ಹೋಗೂಣಂದ್ರ ಕೇಳಲಿಲ್ಲ ನೀ" ಅಂತ ಒಂದೇ ಮಾತು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ನಮ್ಮ ಪುಣ್ಯಕ್ಕೆ ಸ್ವಲ್ಪ ಮುಂದೆ ಒಂದು ವೆಲ್ಡಿಂಗ್ ಶಾಪ್‌ನಲ್ಲಿ ದೀಪ ಇತ್ತು. ಮೆಲ್ಲಗೆ ಅಲ್ಲೀವರೆಗೆ ಓಡಿಸಿದೆ. "ಕಾಕಾ, ಒಂದ್ ತಾಸು ಪ್ಲಗ್ ಸಿಗತೈತೇನ್ರೀ?" ಅವರು ಕಾರು ನೋಡಿದರು, ಅವ್ವನನ್ನ ನೋಡಿದರು. "ನಮ್ಮ ಮಷೀನ್ ಎಳಿಯೂದರ ಮುಂದ ಇದೇನ್ ಎಳೀತೈತಿ, ಹಚ್ಚೋ ತಮ್ಮಾ" ಅಂದರು. ಅವ್ವನಿಗೆ ಕುರ್ಚಿ, ಇಬ್ಬರಿಗೂ ಚಹಾ. ಒಂದು ತಾಸಿಗೆ ಎರಡು ಯೂನಿಟ್, ಅಂದ್ರೆ ಹತ್ತಿರ ಹತ್ತಿರ 20 ಕಿ.ಮೀ. ಮನೆ ಮುಟ್ಟಿದೆವು.

ಆಮೇಲೆ ಎಲೆಕ್ಟ್ರಿಶಿಯನ್ ಕೈಯಲ್ಲಿ ಜನರೇಟರಿಗೆ ಸರಿಯಾದ ಪ್ಲಗ್ ಮಾಡಿಸಿ ಲೆಕ್ಕ ಹಾಕಿದೆ. ಚಾರ್ಜರನ್ನ 6 ಆಂಪಿಯರಿಗೆ ಇಳಿಸಿ ಒಂದು ತಾಸು ಓಡಿಸಿದರೆ ಸುಮಾರು ಒಂದು ಲೀಟರ್ ಪೆಟ್ರೋಲ್, ಸಿಕ್ಕಿದ್ದು 13-14 ಕಿ.ಮೀ. ಯಾವುದೇ ಸಣ್ಣ ಪೆಟ್ರೋಲ್ ಕಾರು ಇದಕ್ಕಿಂತ ಚೆನ್ನಾಗಿ ಓಡುತ್ತೆ, ಅದೂ ಒಂದು ತಾಸು ರಸ್ತೆ ಬದಿ ನಿಲ್ಲದೆ!

ಈಗ ಜಗಳಕ್ಕೆ ಬರೋಣ.

ನನ್ನ ಕಾರು ದಿನಕ್ಕೆ ಒಂಬತ್ತು ತಾಸು ಆಫೀಸಿನ ಕೆಳಗೆ ಸುಮ್ಮನೆ ನಿಂತಿರುತ್ತೆ. ಅದರಲ್ಲಿ ಒಂದೂವರೆ ತಾಸು ಒಂದು ಪ್ಲಗ್ ಸಿಕ್ಕರೆ ಮನೆಗೆ ಹೋಗೋಕೆ ಬೇಕಾದ 3 ಯೂನಿಟ್ ತುಂಬುತ್ತೆ. ಯೂನಿಟ್‌ಗೆ ಹತ್ತು ರೂಪಾಯಿ ಅಂತಲೇ ಹಿಡಿದರೂ ಮೂವತ್ತು ರೂಪಾಯಿ. ಒಂದು ಗೀಸರಿನಷ್ಟು ಲೋಡು. ಕಟ್ಟಡದ ಮಾಲೀಕರನ್ನ ಕೇಳಿದೆ. ಸಬ್ ಮೀಟರ್ ನಾನೇ ಹಾಕಿಸ್ತೀನಿ, ಬಿಲ್ ನಾನೇ ಕಟ್ತೀನಿ ಅಂದೆ.

"ಇವತ್ತ ನಿನಗ ಕೊಟ್ರ ನಾಳೆ ಎಲ್ಲಾರೂ ಕೇಳತಾರ."

ಕೇಳಲಿ ಅಂತಲೇ ಅಲ್ವಾ ಸಾರ್ ನಾನು ಹೇಳ್ತಿರೋದು?

"ಬೆಂಕಿ ಹತ್ತಿದ್ರ?" ಅಂತಾನೂ ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಸಡಿಲ ಎಕ್ಸ್‌ಟೆನ್ಷನ್ ಬೋರ್ಡಿಗೆ ಕಾರು ಚುಚ್ಚಿದರೆ ಪ್ಲಗ್ ಕಾದು ಕರಗುತ್ತೆ. ಅದಕ್ಕೇ ದಪ್ಪ ವೈರು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಖಾನಾಪುರದ ಮನೆಯಲ್ಲಿ ಉಪ್ಪು, ಇದ್ದಿಲು ಹಾಕಿ ಅರ್ಥಿಂಗ್ ಗುಂಡಿ ನಾನೇ ತೋಡಿಸಿದ್ದೀನಿ. ಇದು ಒಬ್ಬ ಎಲೆಕ್ಟ್ರಿಶಿಯನ್ ಒಂದು ದಿನದಲ್ಲಿ ಮುಗಿಸೋ ಕೆಲಸ, ರಾಕೆಟ್ ಬಿಡೋ ಕೆಲಸ ಅಲ್ಲ.

ಕಾನೂನೂ ಅಡ್ಡ ಇಲ್ಲ. ಕಾರು ಚಾರ್ಜ್ ಮಾಡಿಕೊಡೋಕೆ ವಿದ್ಯುತ್ ಮಾರಾಟದ ಲೈಸೆನ್ಸ್ ಬೇಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಮನೆ, ಆಫೀಸಿನ ಈಗಿರೋ ಕನೆಕ್ಷನ್‌ನಲ್ಲೇ ಚಾರ್ಜ್ ಮಾಡಬಹುದು ಅಂತ 2022ರ ಜನವರಿಯ ಮಾರ್ಗಸೂಚಿಯೇ ಹೇಳಿತ್ತು. ಎಲೆಕ್ಟ್ರಿಕ್ ವಾಹನಕ್ಕೆ ಪ್ರತ್ಯೇಕ ನೀತಿ ಮಾಡಿದ ದೇಶದ ಮೊದಲ ರಾಜ್ಯ ನಮ್ಮದೇ, 2017ರಲ್ಲಿ. ಇಷ್ಟೆಲ್ಲ ಕಾಗದ ಇದ್ದೂ ಕೊನೆಗೆ ಬೇಕಾಗಿದ್ದು ಗೋಡೆಯಲ್ಲಿ ಮೂರು ತೂತು. ಅದೇ ಇಲ್ಲ!

"ಹೊಸಾದು ತಗೋ, 250 ಓಡತಾವ" ಅನ್ನೋರಿದ್ದಾರೆ. 2022ರಲ್ಲಿ ಟಾಟಾ ಟಿಯಾಗೋ ಇವಿ ಬಂದಾಗ ಅದರ ಆರಂಭದ ಬೆಲೆ 8.49 ಲಕ್ಷ. ಎಲ್ಲರ ಹತ್ತಿರ ಅಷ್ಟಿರಲ್ಲ. ಹಳೇ ಸಣ್ಣ ಕಾರುಗಳೇ ನಮ್ಮಂಥವರ ಕೈಗೆ ಸಿಗೋದು. ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗೋ ಆಸೆಗೆ ದಿನಾ ದೊಡ್ಡ ಬ್ಯಾಟರಿ ಹೊತ್ತು ತಿರುಗೋದು, ಮಳೆ ಬರಬಹುದು ಅಂತ ತಲೆ ಮೇಲೆ ತಗಡಿನ ಶೆಡ್ ಹೊತ್ತುಕೊಂಡು ಓಡಾಡಿದ ಹಾಗೆ.

ಜನರೇಟರ್ ಫೋಟೋ ನೋಡಿ "ನೀನು ಪರಿಸರಕ್ಕೆ ದ್ರೋಹ ಮಾಡಿದೆ" ಅಂದ ಶುದ್ಧ ಎಲೆಕ್ಟ್ರಿಕ್ ಭಕ್ತರಿಗೂ ಒಂದು ಮಾತು: ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ಲಗ್ ಇದೆ, ಅದಕ್ಕೇ ನಿಮಗೆ ಶುದ್ಧಿ ಸುಲಭ. ನನ್ನ ಡಿಕ್ಕಿಯಲ್ಲಿ ಪೆಟ್ರೋಲ್ ಬಂದು ಕೂತಿದ್ದು ನನಗೆ ಹೊಗೆ ಇಷ್ಟ ಅಂತ ಅಲ್ಲ. ಊರಿನಲ್ಲಿ ಪ್ಲಗ್ ಇಲ್ಲ ಅಂತ.

ಜನರೇಟರ್ ಈಗ ಮಾರಿದ್ದೀನಿ. ಮಳೆ ಜೋರಿದ್ದ ದಿನ ದೇಸೂರಿನ ಆ ಕಾಕಾನ ಶಾಪ್‌ನಲ್ಲಿ ಅರ್ಧ ತಾಸು ನಿಲ್ತೀನಿ. ದುಡ್ಡು ಬೇಡ ಅಂತಾರೆ, ನಾನು ಡಬ್ಬಿಯಲ್ಲಿ ಹಾಕಿ ಬರ್ತೀನಿ. ಕಂಪನಿಗಳು ಲಕ್ಷಗಟ್ಟಲೆ ಖರ್ಚು ಮಾಡಿ ಹುಡುಕಿದ ರೇಂಜ್ ಎಕ್ಸ್‌ಟೆಂಡರ್ ನನಗೆ ಒಂದು ವೆಲ್ಡಿಂಗ್ ಶಾಪಿನ ಗೋಡೆಯಲ್ಲಿ ಸಿಕ್ಕಿತು.

ಬ್ಲಾಗ್ ಮಿತ್ರರೇ, ನಿಮ್ಮಲ್ಲಿ ಅರ್ಧಕ್ಕರ್ಧ ಜನ ಆಫೀಸಿನಲ್ಲಿ ಕೂತೇ ಇದನ್ನ ಓದ್ತಿದ್ದೀರಿ ಅಂತ ಗೊತ್ತು :-) ಸಂಜೆ ಇಳಿದು ಹೋಗುವಾಗ ಪಾರ್ಕಿಂಗ್ ಗೋಡೆ ಕಡೆ ಒಮ್ಮೆ ನೋಡಿ. ಒಂದು 15 ಆಂಪಿಯರ್ ಪ್ಲಗ್ ಇದೆಯಾ? ಇಲ್ಲದಿದ್ದರೆ ನಿಮ್ಮ ಹತ್ತಿರ ಎಲೆಕ್ಟ್ರಿಕ್ ಕಾರು ಇಲ್ಲದಿದ್ದರೂ ಪರವಾಗಿಲ್ಲ, ಒಂದು ಸಲ ಕೇಳಿ. ನಾನೊಬ್ಬನೇ ಕೇಳಿದರೆ ತಲೆಹರಟೆ. ಹತ್ತು ಜನ ಕೇಳಿದರೆ ಅವರೂ ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡ್ತಾರೆ.

ಏನಂತೀರಿ?